ಬಾಗಿದ ಮರ, ಮೌನದ ಪೆಟ್ಟಿಗೆ: ಸ್ಪೀಕರ್ ರಸಿಕರಿಗೊಂದು ಕೈಪಿಡಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ಬೆಳೆದವರಿಗೆ ಸಂಗೀತವೆಂಬುದು ದೂರದಿಂದ ತರಿಸಿಕೊಳ್ಳಬೇಕಾದ ವಸ್ತುವಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಪಂಚಾಕ್ಷರಿ ಗವಾಯಿಗಳೂ, ಅದೇ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಪುಟ್ಟರಾಜ ಗವಾಯಿಗಳೂ ಜನ್ಮವೆತ್ತಿದರು. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಶರೀಫ ಸಾಹೇಬರ ತತ್ತ್ವಪದಗಳು ಏಕತಾರಿಯ ಒಂದೇ ತಂತಿಯನ್ನು ಆಶ್ರಯಿಸಿ ಇಂದಿಗೂ ಊರಿಂದೂರಿಗೆ ನಡೆಯುತ್ತಿವೆ. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರು ಹಾನಗಲ್ಲವೆಂಬ ಊರಿನ ಹೆಸರನ್ನೇ ತಮ್ಮ ಹೆಸರಿನೊಂದಿಗೆ ಹೊತ್ತು, ಅದನ್ನು ದೇಶದ ಸಂಗೀತಸಭೆಗಳಿಗೆಲ್ಲ ಪರಿಚಯಿಸಿದರು. ಗಂಗೂಬಾಯಿಯವರಂಥವರ ಕಂಠಗಳು ಈಗ ಮುದ್ರಿಕೆಗಳಲ್ಲಿ ಮಾತ್ರ ಉಳಿದಿರುವುದರಿಂದ, ಅವು ಯಾವ ಯಂತ್ರದ ದ್ವಾರದಿಂದ ನಮ್ಮ ಮನೆಯನ್ನು ಪ್ರವೇಶಿಸುತ್ತವೆಯೋ ಆ ಯಂತ್ರದ ವಿಷಯದಲ್ಲಿಯೂ, ನಮ್ಮ ಹಿರಿಯರು ತಂಬೂರಿಯ ವಿಷಯದಲ್ಲಿ ತೋರುತ್ತಿದ್ದ ವಿವೇಕವನ್ನು ನಾವು ತೋರುವುದು ಯುಕ್ತವಾದುದು. ಕಾರ್ಖಾನೆಯ ಸ್ಪೀಕರುಗಳ ಮಾತು ಇಲ್ಲಿ ಬೇಡ. ಹವ್ಯಾಸಿಗಳು ಮನೆಯಲ್ಲಿಯೇ ಮರವನ್ನು ಬಾಗಿಸಿ, ಅಂಟಿಸಿ, ಹೊಳಪಿಟ್ಟು ರಚಿಸುವ ಸ್ಪೀಕರುಗಳನ್ನು ನೋಡುವ, ಮುಟ್ಟುವ, ಕೇಳುವ ಬಗೆಯನ್ನು ಹೊಸಬರಿಗೆ ತಿಳಿಸುವುದಷ್ಟೇ ಈ ಬರಹದ ಉದ್ದೇಶ.

ಮೊಟ್ಟಮೊದಲು ಮನಗಾಣಬೇಕಾದ ತತ್ತ್ವ ಒಂದುಂಟು. ಮಿರಜದ ಕುಶಲಕರ್ಮಿಗಳು ತಲೆಮಾರುಗಳಿಂದ ರಚಿಸುತ್ತ ಬಂದಿರುವ ತಂಬೂರಿಯನ್ನು ನೋಡಿರಿ: ಒಣಗಿದ ಬುರುಡೆಯ ಉಬ್ಬು, ಅದರ ಮುಖಕ್ಕೆ ಮುಚ್ಚಿದ ತೆಳುಮರದ ಫಲಕ, ಮೇಲೆ ಚಾಚಿದ ದಂಡಿ, ಇವೆಲ್ಲವೂ ತಂತಿಯನ್ನು ಮೀಟಿದೊಡನೆ ತಾವೂ ಕಂಪಿಸಿ ನುಡಿಯಬೇಕು; ನುಡಿಯದ ಬುರುಡೆ ನಿರರ್ಥಕ. ಬಾಗಿದ ಮರದ ಸ್ಪೀಕರ್ ಪೆಟ್ಟಿಗೆಯೂ ನೋಟಕ್ಕೆ ಇದೇ ಕುಲದ್ದೆಂದು ತೋರುತ್ತದೆ. ಇಟಲಿಯ ಸೋನುಸ್ ಫಾಬರ್ ಸಂಸ್ಥೆಯವರಂತೂ 1990ರ ದಶಕದಲ್ಲಿ ಪಿಟೀಲುಗಳ ಪ್ರಸಿದ್ಧ ನಿರ್ಮಾಪಕರಾದ ಗ್ವಾರ್ನೇರಿ ವಂಶದ ಹೆಸರಿಟ್ಟು, ತಂತಿವಾದ್ಯದ ಬೆನ್ನನ್ನು ಹೋಲುವ ಸ್ಪೀಕರನ್ನೇ ಹೊರತಂದರು. ಆದರೆ ಎರಡರ ಧರ್ಮಗಳು ಪರಸ್ಪರ ವಿರುದ್ಧ. ತಂಬೂರಿಯ ಉಬ್ಬು ನುಡಿಯುವುದಕ್ಕಾಗಿ ಇರುವಂಥದು, ಪೆಟ್ಟಿಗೆಯ ಉಬ್ಬು ಮೌನವಾಗಿರುವುದಕ್ಕಾಗಿ ಇರುವಂಥದು. ಒಳ್ಳೆಯ ಮರದ ಸ್ಪೀಕರು ಮರದ ಮಾಧುರ್ಯವನ್ನು ಸಂಗೀತಕ್ಕೆ ಬೆರೆಸುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಆರಂಭವಾದ ತರುವಾಯ ಒಂದಿಡೀ ತಲೆಮಾರು ಮರದ ಕವಚದ ರೇಡಿಯೋಗಳ ಗುಂಯ್‌ಗುಡುವ ಧ್ವನಿಯಲ್ಲಿಯೇ ಸಂಗೀತವನ್ನು ಕೇಳಿ ಪ್ರೀತಿಸಿದುದು ಈ ನಂಬಿಕೆಗೆ ಒಂದು ಕಾರಣವಾಗಿರಬೇಕು. ಆ ಪ್ರೀತಿ ಗೌರವಾರ್ಹ, ನಂಬಿಕೆ ಮಾತ್ರ ತಪ್ಪು. ಗಾಯಕನ ಸ್ವರಕ್ಕೆ ಪೆಟ್ಟಿಗೆ ತನ್ನದೇನನ್ನಾದರೂ ಸೇರಿಸಿದರೆ ಅದು ಅಪರಾಧವೇ ಸರಿ.

ಹಾಗಾದರೆ ಪೆಟ್ಟಿಗೆಯಾದರೂ ಏತಕ್ಕೆ? 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು ಪ್ರಕಟಿಸಿದ ವಿಧಾನವೇ ಇಂದಿಗೂ ಬಹುಮಟ್ಟಿಗೆ ಬಳಕೆಯಲ್ಲಿದೆ: ಅಯಸ್ಕಾಂತದ ಸಂದಿಯಲ್ಲಿರುವ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಸುರುಳಿ ಹಿಂದೆಮುಂದೆ ಆಡುತ್ತದೆ, ಅದಕ್ಕಂಟಿದ ಕಾಗದದ ಶಂಕು ಗಾಳಿಯನ್ನು ತಳ್ಳುತ್ತದೆ. ಶಂಕು ಮುಂದಿನ ಗಾಳಿಯನ್ನು ಒತ್ತುವಾಗ ಹಿಂದಿನ ಗಾಳಿ ಸಡಿಲಗೊಳ್ಳುವುದರಿಂದ, ಎರಡು ಅಲೆಗಳೂ ಬಯಲಿನಲ್ಲಿ ಕೂಡಿಕೊಂಡರೆ ಮಂದ್ರಸ್ವರಗಳು ಒಂದನ್ನೊಂದು ನುಂಗಿ ಮಾಯವಾಗುತ್ತವೆ. ಹಿಂದಿನ ಅಲೆಯನ್ನು ಸೆರೆಹಿಡಿಯುವುದೇ ಪೆಟ್ಟಿಗೆಯ ಕೆಲಸ. ಯಾವ ಶಂಕುವಿಗೆ ಎಷ್ಟು ಲೀಟರಿನ ಪೆಟ್ಟಿಗೆ ಬೇಕೆಂಬ ಲೆಕ್ಕವನ್ನು ಆಸ್ಟ್ರೇಲಿಯದ ನೆವಿಲ್ ತೀಲ್ 1961ರಲ್ಲಿಯೂ, ಆತನ ಮಾರ್ಗವನ್ನು ವಿಸ್ತರಿಸಿ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿಯೂ ಸ್ಪಷ್ಟಪಡಿಸಿದ ಮೇಲೆ, ಅದುವರೆಗೆ ಊಹೆಯನ್ನೇ ನಂಬಿ ಮರ ಕೊಯ್ಯುತ್ತಿದ್ದ ಹವ್ಯಾಸಿಗೆ ಗಣಿತದ ಆಧಾರ ದೊರೆಯಿತು.

ಸೆರೆಯಲ್ಲಿರುವ ಅಲೆ ಸುಮ್ಮನಿರುವುದಿಲ್ಲ. ಚೌಕ ಪೆಟ್ಟಿಗೆಯ ಎದುರುಬದುರು ಗೋಡೆಗಳ ನಡುವೆ 34 ಸೆಂಟಿಮೀಟರ್ ಅಂತರವಿದೆಯೆಂದುಕೊಳ್ಳಿರಿ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ, ಸೆಕೆಂಡಿಗೆ ಸುಮಾರು 500 ಕಂಪನಗಳುಳ್ಳ ಸ್ವರ ಆ ಗೋಡೆಗಳ ನಡುವೆ ಸ್ಥಿರವಾಗಿ ನಿಂತುಬಿಡುತ್ತದೆ. ಅದು ಮನುಷ್ಯಕಂಠ ಸಂಚರಿಸುವ ಪ್ರದೇಶವೇ ಆಗಿರುವುದು ದೊಡ್ಡ ತೊಡಕು: ಗಾಯಕಿ ಆ ಸ್ವರವನ್ನು ಮುಟ್ಟಿದಾಗಲೆಲ್ಲ ಪೆಟ್ಟಿಗೆ ತಾನೂ ಕೂಗಿ, ತೆಳುವಾದ ಶಂಕುವಿನ ಮೂಲಕವೇ ಹೊರಗೆ ಇಣುಕುತ್ತದೆ. ಗೋಡೆಗಳನ್ನು ಬಾಗಿಸಿದಾಗ ಅವುಗಳ ನಡುವಣ ಅಂತರ ಒಂದೊಂದೆಡೆ ಒಂದೊಂದು ತೆರನಾಗಿ, ಒಂದೇ ಸ್ವರದ ಮೇಲೆ ಬೀಳುತ್ತಿದ್ದ ಭಾರ ಹಲವು ಸ್ವರಗಳಿಗೆ ಹಂಚಿಹೋಗಿ ಕಿವಿಗೆ ಸಹ್ಯವಾಗುತ್ತದೆ. ದೋಷ ಸಂಪೂರ್ಣ ನಾಶವಾಗುತ್ತದೆಂದು ಹೇಳುವವರನ್ನು ನಂಬಬೇಡಿರಿ. ಪಕ್ಕದ ಗೋಡೆಗಳು ಬಾಗಿದ್ದರೂ ಮೇಲುಕೆಳಗಿನ ಹಲಗೆಗಳು ಅನೇಕ ಪೆಟ್ಟಿಗೆಗಳಲ್ಲಿ ಸಮಾನಾಂತರವಾಗಿಯೇ ಉಳಿದಿರುತ್ತವೆ, ಅಲ್ಲೇನು ಉಪಾಯ ಮಾಡಿದಿರೆಂದು ನಿರ್ಮಾಪಕರನ್ನು ಕೇಳುವುದು ಬಲ್ಲ ರಸಿಕನ ಲಕ್ಷಣ. ಬಾಗಿನಿಂದ ಇನ್ನೆರಡು ಲಾಭಗಳುಂಟು. ಬಾಗಿದ ಹಲಗೆ ಚಪ್ಪಟೆ ಹಲಗೆಗಿಂತ ಬಿಗಿಯಾದುದು, ಸುಲಭವಾಗಿ ಕಂಪಿಸದು. ಮುಂಬದಿಯ ಅಂಚುಗಳನ್ನು ಉರುಟಾಗಿಸಿದರೆ ಶಬ್ದವು ಅಲ್ಲಿ ತಡವರಿಸದೆ ಜಾರಿಹೋಗುತ್ತದೆ. ಹ್ಯಾರಿ ಓಲ್ಸನ್ ಎಂಬ ವಿಜ್ಞಾನಿ ನಾನಾ ಆಕಾರದ ಪೆಟ್ಟಿಗೆಗಳನ್ನು ಪರೀಕ್ಷಿಸಿ 1951ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ ಗೋಲಾಕಾರವೇ ಎಲ್ಲಕ್ಕಿಂತ ಸಮವಾಗಿ ನುಡಿದುದು ಕಂಡುಬಂದಿತು.

ಬಾಗಿದ ಗೋಡೆಯನ್ನು ರಚಿಸುವ ಮುಖ್ಯ ಮಾರ್ಗಗಳು ಮೂರು. ಹಲಗೆಯ ಒಳಮೈಗೆ ಗರಗಸದಿಂದ ಸಾಲುಸಾಲಾಗಿ ಗೀರುಗಳನ್ನು ಹಾಕಿ ಮಡಿಸುವುದು ಸುಲಭವಾದುದು, ಆದರೆ ಗೀರುಗಳಲ್ಲಿ ಅಂಟು ಭರ್ತಿಯಾಗದಿದ್ದರೆ ಆ ಗೋಡೆ ದುರ್ಬಲ. ಒಂದರ ಮೇಲೊಂದು ಬಳೆಯಾಕಾರದ ಪದರಗಳನ್ನು ಪೇರಿಸಿ ಅಂಟಿಸುವುದು ಎರಡನೆಯದು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಮಲದ ಛಾವಣಿಯಲ್ಲಿ ಚಾಲುಕ್ಯರ ಶಿಲ್ಪಿಗಳು ಸುತ್ತಿನ ಮೇಲೆ ಸುತ್ತನ್ನು ಒಳಕ್ಕೆ ಸರಿಸುತ್ತ ಕಲ್ಲನ್ನು ಪೇರಿಸಿರುವುದನ್ನು ಕತ್ತೆತ್ತಿ ನೋಡಿದವರಿಗೆ ಈ ಕ್ರಮದ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ. ಇದರಲ್ಲಿ ಮರ ಬಹಳ ವ್ಯಯವಾಗುತ್ತದೆ, ಪೆಟ್ಟಿಗೆಯ ಭಾರವೂ ಬಹಳ. ಮೂರನೆಯದು, ನನ್ನ ಮತದಲ್ಲಿ ಅತ್ಯುತ್ತಮವಾದುದು, ಮೂರು ನಾಲ್ಕು ಮಿಲಿಮೀಟರ್ ದಪ್ಪದ ಪ್ಲೈ ಹಾಳೆಗಳಿಗೆ ಅಂಟು ಬಳಿದು, ಮೊದಲೇ ಸಿದ್ಧಪಡಿಸಿದ ಅಚ್ಚಿನ ಮೇಲೆ ಒಂದರ ಮೇಲೊಂದನ್ನು ಬಾಗಿಸಿ, ಶಿಕಂಜೆಗಳಿಂದ ಬಿಗಿದು, ಅಂಟು ಪೂರ್ತಿ ಆರುವವರೆಗೆ ಕಾಯುವುದು. ಬಿಚ್ಚಿದಾಗ ಹಲಗೆ ಕೊಂಚ ಹಿಂದಕ್ಕೆ ಅರಳುತ್ತದೆ. ಅನುಭವಿಯಾದ ಬಡಿಗನು ಅದನ್ನು ಮುಂಗಂಡು ಅಚ್ಚನ್ನೇ ತುಸು ಹೆಚ್ಚು ಬಾಗಿಸಿರುತ್ತಾನೆ. ಪದರಗಳ ನಡುವಣ ಅಂಟು ಕಂಪನವನ್ನು ಹೀರಿಕೊಳ್ಳುವುದು ಇದರ ಹೆಚ್ಚಳ.

ಇಡೀ ಪೆಟ್ಟಿಗೆಯನ್ನು ಘನ ಸಾಗುವಾನಿಯಿಂದಲೇ ಮಾಡಿಸಬೇಕೆಂಬ ಆಸೆ ನಮ್ಮ ಕಡೆ ಸಹಜ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲದ ಪಡುವಣ ಹಳ್ಳಿಗಳಲ್ಲಿ ಆಷಾಢ ಶ್ರಾವಣಗಳ ತೇವವನ್ನು ಕುಡಿದು ಹಿಗ್ಗುವ ಮರ, ಸವಣೂರಿನ ಎರೆಯ ನೆಲದ ಚೈತ್ರದ ಬಿಸಿಲಿನಲ್ಲಿ ಕುಗ್ಗಿ ಸಂದುಬಿಡುತ್ತದೆಂಬುದನ್ನು ಮರೆಯಬಾರದು. ಎಳೆಗಳನ್ನು ಅಡ್ಡಡ್ಡಲಾಗಿ ಜೋಡಿಸಿದ ಪ್ಲೈ ಈ ಹಿಗ್ಗುಕುಗ್ಗುಗಳಿಗೆ ಅಷ್ಟಾಗಿ ವಶವಾಗದು. ಆದುದರಿಂದ ದೇಹಕ್ಕೆ ಪ್ಲೈಯನ್ನೂ ಮೇಲುಹೊದಿಕೆಗೆ ಸಾಗುವಾನಿಯ ಅಥವಾ ಬೀಟೆಯ ತೆಳುಪದರವನ್ನೂ ಬಳಸಿ, ಹೊರಗಷ್ಟೇ ಅಲ್ಲದೆ ಒಳಗೂ ವಾರ್ನಿಶ್ ಬಳಿದಿರುವ ಪೆಟ್ಟಿಗೆಯೇ ಶ್ರೇಷ್ಠ. ಒಳಗೋಡೆಗೆ ಹೊದಿಸಲು ಕುರಿಯ ಉಣ್ಣೆಗಿಂತ ಉತ್ತಮವಾದ ವಸ್ತುವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಕುರುಬರು ನೇಯ್ದ ಕಂಬಳಿಯ ತುಂಡೇ ಸಾಕು.

ಈಗ ಪರೀಕ್ಷೆಯ ಮಾತು. ಬೆರಳ ಗೆಣ್ಣಿನಿಂದ ಪಕ್ಕವನ್ನು ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತ ಬನ್ನಿರಿ: ಎಲ್ಲೆಡೆಯೂ ಮೊಂಡಾದ, ಚಿಕ್ಕದಾದ ಸದ್ದು ಬಂದರೆ ಒಳ್ಳೆಯದು, ಎಲ್ಲಿಯಾದರೂ ಡೊಳ್ಳಿನಂತೆ ನುಡಿದರೆ ಅಲ್ಲಿ ಒಳಗೆ ಅಡ್ಡಪಟ್ಟಿಯಿಲ್ಲವೆಂದು ತಿಳಿಯಿರಿ. ಹಾಡು ನಡೆಯುತ್ತಿರುವಾಗ ಅಂಗೈಯನ್ನು ಉಬ್ಬಿನ ಮೇಲಿಡಿರಿ. ಡಗ್ಗಾದ ಪೆಟ್ಟು ಅಂಗೈಗೆ ಎಷ್ಟು ಕಡಿಮೆ ಮುಟ್ಟುತ್ತದೆಯೋ ಅಷ್ಟು ಕೆಲಸ ಚೆನ್ನಾಗಿದೆಯೆಂದರ್ಥ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಬಾಗಿನ ರೇಖೆಯಲ್ಲಿ ಏರುಪೇರುಗಳು ತಾವಾಗಿ ಕಾಣುತ್ತವೆ. ಎಡಬಲದ ಎರಡು ಪೆಟ್ಟಿಗೆಗಳ ಮರದ ಎಳೆಗಳು ಪರಸ್ಪರ ಪ್ರತಿಬಿಂಬಗಳಂತೆ ಹೊಂದಿಕೊಂಡಿದ್ದರೆ, ಅದರ ಹಿಂದಿರುವ ಸಹನೆಗೆ ಒಂದು ನಮಸ್ಕಾರ ಸಲ್ಲಲೇಬೇಕು, ಅದರಿಂದ ಧ್ವನಿಗೆ ಏನೂ ಆಗದಿದ್ದರೂ.

ಕೇಳುವ ಪರೀಕ್ಷೆಗೆ ಕಿರಾಣಾ ಪದ್ಧತಿಯ ವಿಲಂಬಿತ ಖ್ಯಾಲಿಗಿಂತ ಯೋಗ್ಯವಾದ ಸಾಧನ ನನಗೆ ತೋರದು, ಮತ್ತು ಅದರಲ್ಲಿಯೂ ಗಂಗೂಬಾಯಿಯವರ ಕಂಠ. ಶಿಗ್ಗಾವಿಗೆ ಸಮೀಪದ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಶಿಕ್ಷಣ ಪಡೆದ ಅವರು, ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ ಎಚ್.ಎಂ.ವಿ. ಮುದ್ರಿಕೆಗಳನ್ನು ಕೊಟ್ಟ ಆ ಮೊದಲ ದಿನಗಳಲ್ಲಿ ಎತ್ತರದ ತೆಳುದನಿಯವರಾಗಿದ್ದರು. ಗಂಟಲಿನ ಚಿಕಿತ್ಸೆಯ ತರುವಾಯ ಆ ದನಿ ಇಳಿದು, ಗಂಡುದನಿಯೆನ್ನಿಸುವಷ್ಟು ಘನವಾಯಿತು. ಪೆಟ್ಟಿಗೆಗಳು ಹೆಚ್ಚಾಗಿ ಸುಳ್ಳಾಡುವ ಸ್ವರಪ್ರದೇಶದಲ್ಲಿಯೇ ಅವರ ಆಲಾಪ ನೆಲೆಸುವುದರಿಂದ, ಯಾವ ಸುಳ್ಳೂ ಅವರ ಮುಂದೆ ಅಡಗಿರದು. ಅವರು ಮಂದ್ರದಿಂದ ಷಡ್ಜಕ್ಕೆ ನಿಧಾನವಾಗಿ ಮೀಂಡಿನಲ್ಲಿ ಏರುವಾಗ ಗಮನವಿಟ್ಟು ಕೇಳಿರಿ: ಆ ಏರಿಕೆಯ ದಾರಿಯಲ್ಲಿ ಯಾವುದೋ ಒಂದು ಬಿಂದುವಿನಲ್ಲಿ ಧ್ವನಿ ಕಾರಣವಿಲ್ಲದೆ ಉಬ್ಬಿ, ಮರುಕ್ಷಣವೇ ಇಳಿದರೆ, ಅದು ಗಾಯಕಿಯ ಭಾವವಲ್ಲ, ಪೆಟ್ಟಿಗೆಯ ಅಧಿಕಪ್ರಸಂಗ. ಬೇರೊಂದು ರಾಗವನ್ನು ಹಾಕಿ ನೋಡಿರಿ; ಅದೇ ಶ್ರುತಿಸ್ಥಾನದಲ್ಲಿ ಅದೇ ಉಬ್ಬು ಮತ್ತೆ ಕಾಣಿಸಿಕೊಂಡರೆ ಸಂದೇಹಕ್ಕೆ ಎಡೆಯೇ ಇಲ್ಲ. ಹಾರ್ಮೋನಿಯಮ್ಮಿನ ಸ್ವರಗಳು ಮೆಟ್ಟಿಲುಗಳಾದುದರಿಂದ ಈ ದೋಷ ಅಲ್ಲಿ ಎರಡು ಮನೆಗಳ ನಡುವೆ ಅವಿತುಕೊಳ್ಳಬಲ್ಲದು. ಮೀಂಡು ಸ್ವರಗಳ ನಡುವಣ ಪ್ರತಿಯೊಂದು ಅಂಗುಲವನ್ನೂ ಸವರಿಕೊಂಡು ಹೋಗುವುದರಿಂದಲೇ ಅದು ಇಂಥ ಕಠಿಣ ಪರೀಕ್ಷಕ.

ಬಳಿಕ ಹಿನ್ನೆಲೆಯ ತಂಬೂರಿಯನ್ನು ಆಲಿಸಿರಿ. ಗಾಯಕಿ ಹಾಡುತ್ತಿರುವಾಗಲೂ ತಂತಿಗಳ ಜವಾರಿಯ ಸೂಕ್ಷ್ಮ ಸ್ವರಗಳು ಒಂದರ ಹಿಂದೊಂದು ಅರಳುವುದು ಕೇಳಿಸಬೇಕು. ಕಂಠವೇರಿದಾಗ ತಂಬೂರಿ ಅಳಿಸಿಹೋದರೆ ಸ್ಪೀಕರಿನಲ್ಲಿ ಸೂಕ್ಷ್ಮತೆ ಸಾಲದು. 78 ಸುತ್ತಿನ ಹಳೆಯ ತಟ್ಟೆಗಳಲ್ಲಿ ಮೇಲಿನ ಸ್ವರಗಳೇ ಸರಿಯಾಗಿ ದಾಖಲಾಗಿಲ್ಲವಾದುದರಿಂದ, ಈ ಪರೀಕ್ಷೆಗೆ ಅನಂತರದ ಮುದ್ರಿಕೆಗಳನ್ನೇ ಬಳಸಬೇಕು. ಕೊನೆಗೆ ಎರಡು ಸ್ಪೀಕರುಗಳ ಎದುರಿಗೆ, ಎರಡಕ್ಕೂ ಸಮದೂರದಲ್ಲಿ ಕುಳಿತು ಕಣ್ಣು ಮುಚ್ಚಿರಿ. ಉರುಟು ಅಂಚಿನ ಒಳ್ಳೆಯ ಜೋಡಿಯಲ್ಲಿ ಕಂಠವು ಎಡದಲ್ಲಿಯೂ ಅಲ್ಲ, ಬಲದಲ್ಲಿಯೂ ಅಲ್ಲ, ನಡುವಣ ಬಯಲಿನಲ್ಲಿ ನಿಂತಿರುತ್ತದೆ. ಪೆಟ್ಟಿಗೆಗಳು ಎಲ್ಲಿವೆಯೆಂಬುದು ಕಿವಿಗೆ ತಿಳಿಯದು.

ಕೋಣೆಯ ವಿಷಯ ಸಂಕ್ಷೇಪವಾಗಿ ಹೇಳುವೆನು. ನುಣುಪಾದ ಟೈಲ್ಸಿನ, ಕಾಂಕ್ರೀಟಿನ ಇಂದಿನ ಕೋಣೆಗಳು ಮಾರ್ದನಿಯ ಆಗರ. ನವಲಗುಂದದ ಜಮಖಾನೆಯೊಂದನ್ನು ಹಾಸಿದರೆ ಅರ್ಧ ತೊಂದರೆ ನೀಗುತ್ತದೆ. ಮೂಲೆಗೆ ಒತ್ತರಿಸಿದ ಸ್ಪೀಕರಿನಲ್ಲಿ ಮಂದ್ರ ಅತಿಯಾಗುವುದರಿಂದ ಅದನ್ನು ಗೋಡೆಯಿಂದ ಒಂದು ಮೊಳವಾದರೂ ದೂರವಿರಿಸಿರಿ, ಮತ್ತು ಇದನ್ನು ಮಾಡದೆ ಯಾರ ಕೈಗೆಲಸವನ್ನೂ ನಿಂದಿಸಬೇಡಿರಿ.

ಇಷ್ಟೆಲ್ಲ ಹೇಳಿದ ಮೇಲೆ ಹೊಸಬರಲ್ಲಿ ನನ್ನದೊಂದು ಬಿನ್ನಹ. ಯಾರ ಮನೆಯ ಸ್ಪೀಕರಿನ ಮುಂದೆಯಾದರೂ ಕುಳಿತು ತೀರ್ಪು ಕೊಡುವ ಮುನ್ನ, ನಿಮ್ಮೂರ ಮಠದಲ್ಲಿಯೋ ಗುಡಿಯಲ್ಲಿಯೋ ಮೈಕಿಲ್ಲದೆ ನಡೆಯುವ ಒಂದು ಭಜನೆಯ ಎದುರು, ಹಾಡುವವರಿಂದ ಮೂರು ಮಾರು ದೂರದಲ್ಲಿ ಒಂದು ತಾಸು ಕುಳಿತು ಬನ್ನಿರಿ. ಮನುಷ್ಯಕಂಠ ಬರಿಯ ಗಾಳಿಯಲ್ಲಿ ಹೇಗಿರುತ್ತದೆಂಬುದನ್ನು ಅರಿಯದವರಿಗೆ ಎಷ್ಟು ಬೆಲೆಯ ಸ್ಪೀಕರನ್ನು ಕೇಳಿದರೂ ಅದರ ಗುಣದೋಷ ತಿಳಿಯದು.