ಬಿಳಿಯಲ್ಲಿದೆ ಉಳಿಯ ದಾರಿ

ಮಲೆನಾಡಿನ ಕೋಣಂದೂರಿನ ಕಡೆಯ ಹಳೆಯ ಮನೆಗಳ ಬಾಗಿಲವಾಡದ ಕೆತ್ತನೆ ನೋಡಿ ಬೆಳೆದವರಿಗೆ ಮರದಲ್ಲಿ ಅಕ್ಷರ ಕೆತ್ತುವ ಕಲೆ ತೀರ ಪರಕೀಯವಲ್ಲ. ಯುರೋಪಿನ ಹಳೆಯ ಅಚ್ಚಿನ ಪುಸ್ತಕಗಳಲ್ಲಿ ಅಧ್ಯಾಯದ ಮೊದಲಕ್ಷರವನ್ನು ಮರದಲ್ಲಿ ಕೆತ್ತಿ, ಸುತ್ತ ಬಳ್ಳಿ ಹಬ್ಬಿಸುತ್ತಿದ್ದರು. ಓದುಗ ಅಧ್ಯಾಯದೊಳಗೆ ಕಾಲಿಡುತ್ತಿದ್ದದ್ದು ಆ ಬಾಗಿಲಿನಿಂದ.

ಆರಂಭದಲ್ಲಿ ಮುದ್ರಕರು ಆ ಅಕ್ಷರದ ಜಾಗವನ್ನು ಸಾಮಾನ್ಯವಾಗಿ ಖಾಲಿ ಬಿಡುತ್ತಿದ್ದರು. ಅಕ್ಷರವನ್ನು ಬಣ್ಣದಲ್ಲಿ ಕೈಯಿಂದಲೇ ಬರೆಯಬೇಕಿತ್ತು. 1476ರಲ್ಲಿ ವೆನಿಸ್‌ನಲ್ಲಿ ಮುದ್ರಣ ಶುರುಮಾಡಿದ ಎರ್ಹಾರ್ಡ್ ರಾಟ್‌ಡೋಲ್ಟ್ ಆ ಜಾಗವನ್ನು ಮರದಚ್ಚಿನಿಂದ ತುಂಬಿದ. ಇಂಥ ಅಕ್ಷರಗಳನ್ನು ನೋಡಲು ಕಲಿಯುವ ಹೊಸಬರು ಅವನಿಂದಲೇ ಆರಂಭಿಸಬಹುದು.

ಮೊದಲು ಬಿಳಿಯನ್ನು ನೋಡಿ. ರಾಟ್‌ಡೋಲ್ಟ್‌ನ ಅಕ್ಷರಗಳಲ್ಲಿ ಕಪ್ಪು ನೆಲದ ಮೇಲೆ ಬಿಳಿ ಬಳ್ಳಿ ಸುತ್ತಿಕೊಂಡಿರುತ್ತದೆ. ಮಸಿ ಹತ್ತುವುದು ಎತ್ತರದಲ್ಲಿ ಉಳಿದ ಮರಕ್ಕೆ ಮಾತ್ರ. ಹಾಗಾಗಿ ಬಿಳಿಯೆಲ್ಲ ಉಳಿ ನಡೆದ ದಾರಿ, ಕಪ್ಪೆಲ್ಲ ಅದು ಮುಟ್ಟದೆ ಬಿಟ್ಟದ್ದು.

ಆಮೇಲೆ ಹಾಳೆಯನ್ನು ಓರೆ ಬೆಳಕಿಗೆ ಹಿಡಿದು ಹಿಂಬದಿ ನೋಡಿ. ಮರದಚ್ಚು ಕಾಗದವನ್ನು ಒತ್ತಿದ ಗುರುತು ಅಲ್ಲಿ ಕಂಡೀತು. 1843ರ ‘ಮಂಗಳೂರ ಸಮಾಚಾರ’ದಂಥ ಕಲ್ಲಚ್ಚಿನ ಪತ್ರಿಕೆಯಲ್ಲಿ ಈ ಒತ್ತು ಇರುವುದಿಲ್ಲ, ಸಪಾಟು ಕಲ್ಲಿನ ಮೇಲೆ ಬರೆದದ್ದು ಕಾಗದಕ್ಕೆ ಇಳಿದಿರುತ್ತದೆ, ಅಷ್ಟೇ.

ಮೂರನೆಯದಾಗಿ, ಗಾಯ ಹುಡುಕಿ. ಒಂದೇ ಅಚ್ಚನ್ನು ವರ್ಷಗಟ್ಟಲೆ ಬಳಸುತ್ತಿದ್ದರು. ಅಂಚಿನ ಗೆರೆ ಮುರಿಯುತ್ತಿತ್ತು, ಮರ ಸೀಳುತ್ತಿತ್ತು, ಹುಳು ಕೊರೆದಲ್ಲಿ ಬಿಳಿ ಚುಕ್ಕಿ ಬೀಳುತ್ತಿತ್ತು. ಬಿರುಕು ಎಷ್ಟು ಬೆಳೆದಿದೆ ಎಂದು ಹೋಲಿಸಿ, ಇಸವಿಯಿಲ್ಲದ ಪುಸ್ತಕಗಳಲ್ಲಿ ಯಾವುದು ಮೊದಲಿನದೆಂದು ವಿದ್ವಾಂಸರು ಗುರುತಿಸುತ್ತಾರೆ.

ಕೊನೆಗೆ, ಉಳಿಯ ಕೆಲಸವನ್ನು ಕಣ್ಣಾರೆ ಕಾಣಲು ಮಲೆನಾಡಿನ ಸಾಗರ ಪಟ್ಟಣಕ್ಕೆ ಹೋಗಿ, ಗುಡಿಗಾರ ಕುಶಲಕರ್ಮಿಗಳು ಶ್ರೀಗಂಧದಲ್ಲಿ ಬಳ್ಳಿ ಬಿಡಿಸುವುದನ್ನು ನಿಂತು ನೋಡಿ. ಮನೆಗೆ ಬಂದು ಮೆದು ಮರದ ತುಂಡಿನ ಮೇಲೆ ‘ಅ’ ಬರೆಯಿರಿ. ಕನ್ನಡಿಯಲ್ಲಿ ಕಂಡಂತೆ, ತಿರುಗುಮುರುಗಾಗಿ. ರೋಮನ್ ಲಿಪಿಯ ನೇರ ಗೀಟು ಮರದ ಎಳೆಯ ಜೊತೆ ಸಾಗಬಲ್ಲದು. ನಮ್ಮ ಅಕ್ಷರ ದುಂಡು: ಪ್ರತಿ ತಿರುವಿನಲ್ಲೂ ಎಳೆಗೆ ಅಡ್ಡ ಬರುತ್ತದೆ, ಅಲ್ಲೇ ಮರ ಸಿಬಿರೇಳುತ್ತದೆ. ಆ ತಿರುವನ್ನು ಮುರಿಯದೆ ದಾಟಿಸಲು ಒಮ್ಮೆ ಯತ್ನಿಸಿದವರು ಐನೂರು ವರ್ಷದ ಹಿಂದಿನ ಪುಟದಲ್ಲೂ ಕೆತ್ತಿದವನ ಕೈಯನ್ನೇ ಮೊದಲು ಕಾಣುತ್ತಾರೆ.