ವಸ್ಲಿಯ ಪುಟ ಮತ್ತು ಬೆಳಕಿನ ಪರದೆ: ಶಾಜಿಯಾ ಸಿಕಂದರ್ ಅವರ ಚಿತ್ರಕಲೆ

ಕಲೆಯ ಇತಿಹಾಸದಲ್ಲಿ ಹೊಸ ಸಾಧನವೊಂದು ಕಾಣಿಸಿಕೊಂಡಾಗಲೆಲ್ಲ ಎರಡು ಬಗೆಯ ಅತಿರೇಕಗಳು ತಲೆಯೆತ್ತುವುದು ವಾಡಿಕೆ. ಹಳೆಯ ಪದ್ಧತಿಯ ಆಯುಸ್ಸು ತೀರಿತೆಂದು ಸಾರುವುದು ಒಂದು. ಹೊಸದು ಯಂತ್ರದ ಚಮತ್ಕಾರವೇ ಹೊರತು ಕಲೆಯಲ್ಲವೆಂದು ತಳ್ಳಿಹಾಕುವುದು ಮತ್ತೊಂದು. ಛಾಯಾಚಿತ್ರ ಬಂದಾಗ ಹೀಗಾಯಿತು. ಗಣಕಯಂತ್ರವು ಚಿತ್ರಕಾರನ ಕೈಗೆ ಬಂದಾಗಲೂ ಹೀಗೆಯೇ ಆಗಿದೆ. ಈ ಎರಡು ನಿಲುವುಗಳೂ ಸಾಧನವನ್ನು ಕುರಿತವೇ ಹೊರತು ಕೃತಿಯನ್ನು ಕುರಿತವಲ್ಲ. ವಿಮರ್ಶೆಯಾದರೋ ಕೃತಿಯಿಂದಲೇ ಆರಂಭವಾಗಬೇಕು. ಪರಂಪರೆಯ ಕುಂಚ ಮತ್ತು ಡಿಜಿಟಲ್ ಪರದೆ ಎರಡನ್ನೂ ಬಳಸುವ ಕಲಾವಿದರಲ್ಲಿ, ಒಂದರಿಂದ ಇನ್ನೊಂದಕ್ಕೆ ದಾಟುವಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಶಾಜಿಯಾ ಸಿಕಂದರ್ ಅವರ ಕೃತಿಗಳು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಮುಂದಿಡುತ್ತವೆ. ಅವುಗಳಲ್ಲಿ ಒಂದರ ಮೂಲವು ಕನ್ನಡನಾಡಿನ ಬಿಜಾಪುರದ ಆಸ್ಥಾನದಲ್ಲಿದೆ ಎಂಬುದರಿಂದ ಕನ್ನಡ ಓದುಗರಿಗೆ ಈ ವಿಚಾರ ಮತ್ತಷ್ಟು ಹತ್ತಿರದ್ದು.

ಸಿಕಂದರ್ 1969ರಲ್ಲಿ ಲಾಹೋರಿನಲ್ಲಿ ಜನಿಸಿದರು. ಅಲ್ಲಿನ ರಾಷ್ಟ್ರೀಯ ಕಲಾ ಮಹಾವಿದ್ಯಾಲಯದಲ್ಲಿ ಬಶೀರ್ ಅಹಮದ್ ಅವರ ಬಳಿ ಸೂಕ್ಷ್ಮಚಿತ್ರ ಪದ್ಧತಿಯನ್ನು ಅಭ್ಯಾಸ ಮಾಡಿದರು. ಆ ಕಾಲಕ್ಕೆ ಅನೇಕರ ದೃಷ್ಟಿಯಲ್ಲಿ ಈ ಪದ್ಧತಿ ಹಳೆಯದರ ನಕಲು ತೆಗೆಯುವ ಕುಶಲ ಕೆಲಸವಾಗಿತ್ತೇ ವಿನಾ ಜೀವಂತ ಕಲೆಯಾಗಿರಲಿಲ್ಲ. ಅದರ ಶಿಸ್ತು ಕಠಿಣವಾದದ್ದು. ಹಲವು ಹಾಳೆಗಳನ್ನು ಸರಿಯಿಂದ ಒಂದರ ಮೇಲೊಂದು ಅಂಟಿಸಿ, ಹುಳು ಬೀಳದಂತೆ ಸರಿಗೆ ಮೈಲುತುತ್ತ ಬೆರೆಸಿ, ಒಣಗಿದ ಬಳಿಕ ನುಣುಪಾಗುವಂತೆ ಉಜ್ಜಿದಾಗ ವಸ್ಲಿ ಎಂಬ ಕಾಗದ ಸಿದ್ಧವಾಗುತ್ತದೆ. ಅಳಿಲಿನ ಕೂದಲಿನ ಕುಂಚದಿಂದ, ಚುಕ್ಕೆಯಂಥ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಹಾಕುತ್ತ ನೆರಳು ಬೆಳಕುಗಳನ್ನು ಮೂಡಿಸುವ ಕ್ರಮಕ್ಕೆ ಪರ್ದಾಖ್ತ್ ಎಂದು ಹೆಸರು. ನೆಲದ ಮೇಲೆ ಕುಳಿತು, ಉಸಿರನ್ನು ಹತೋಟಿಯಲ್ಲಿಟ್ಟುಕೊಂಡು ಮಾಡುವ ಕೆಲಸವಿದು. ಇಲ್ಲಿ ತಾಳ್ಮೆಯೆಂಬುದು ಗುಣ ಮಾತ್ರವಲ್ಲ, ಸಾಧನವೂ ಹೌದು.

ಈ ಅಭ್ಯಾಸದ ಫಲವಾಗಿ 1989–90ರಲ್ಲಿ ‘ದಿ ಸ್ಕ್ರೋಲ್’ ಎಂಬ ಚಿತ್ರ ರೂಪುಗೊಂಡಿತು. ಅದು ಐದು ಅಡಿಗೂ ಮಿಕ್ಕಿದ ಉದ್ದದ ಪಟ. ಬಿಳಿಯ ಉಡುಪಿನ ತರುಣಿಯೊಬ್ಬಳು ಮನೆಯ ಕೋಣೆಯಿಂದ ಕೋಣೆಗೆ ಸಂಚರಿಸುತ್ತಾಳೆ. ಆಕೆಯ ಮುಖ ನೋಡುಗನಿಗೆ ಕಾಣುವುದಿಲ್ಲ. ಕೊನೆಯಲ್ಲಿ ಆಕೆ ಚಿತ್ರ ಬರೆಯುತ್ತ ನಿಂತಿದ್ದಾಳೆ. ಒಂದೇ ಹಾಳೆಯಲ್ಲಿ ಒಬ್ಬಳೇ ವ್ಯಕ್ತಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಈ ನಿರೂಪಣೆ ಏಷ್ಯಾದ ಚಿತ್ರಪರಂಪರೆಗಳಿಗೆ ಹೊಸದೇನಲ್ಲ. ಆದರೆ ಮುಂದಿನದನ್ನು ಅರಿಯಲು ಇದು ಕೀಲಿಕೈಯಾಗಿದೆ. ಕಾಲದಲ್ಲಿ ಚಲಿಸಬೇಕೆಂಬ ಹಂಬಲ ಈ ಚಿತ್ರಕ್ಕೆ ಗಣಕಯಂತ್ರದಿಂದ ಬಂದದ್ದಲ್ಲ. ಅದು ಕಾಗದದಲ್ಲಿಯೇ ಇತ್ತು. ನೋಡುಗನ ಕಣ್ಣು ನಡೆದಂತೆಲ್ಲ ಚಿತ್ರವೂ ನಡೆಯುತ್ತಿತ್ತು.

ಅಮೆರಿಕಕ್ಕೆ ತೆರಳಿ 1995ರಲ್ಲಿ ರೋಡ್ ಐಲೆಂಡಿನ ವಿನ್ಯಾಸ ವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದ ಬಳಿಕ ಸಿಕಂದರ್ 2001ರ ಸುಮಾರಿಗೆ ಡಿಜಿಟಲ್ ಅನಿಮೇಷನ್ನಿನತ್ತ ತಿರುಗಿದರು. ಅವರು ಕೈಯ ಕೆಲಸವನ್ನು ಬಿಡಲಿಲ್ಲ ಎಂಬ ಅಂಶ ಗಮನಾರ್ಹ. ಶಾಯಿ ಮತ್ತು ಜಲವರ್ಣಗಳಲ್ಲಿ ಕಾಗದದ ಮೇಲೆ ಬರೆದ ಚಿತ್ರಗಳನ್ನು ಗಣಕಯಂತ್ರಕ್ಕೆ ಇಳಿಸಿ, ಪದರಪದರವಾಗಿ ಬೇರ್ಪಡಿಸಿ ಚಲನೆ ಕೊಡುವುದು ಅವರ ವಿಧಾನ. 2003ರ ‘ಸ್ಪಿನ್’ ಎಂಬ ಕೃತಿಯಲ್ಲಿ ಮೊಗಲರ ದರ್ಬಾರಿನ ಸಭಾಂಗಣವಿದೆ. ಅರಸನಿಗೆ ಸಲ್ಲಬೇಕಾದ ಆ ಸ್ಥಳವನ್ನು ಗೋಪಿಯರು ಬಂದು ತುಂಬುತ್ತಾರೆ. ಅವರ ತುರುಬುಗಳು ದೇಹದಿಂದ ಬಿಡಿಸಿಕೊಂಡು, ಹಕ್ಕಿಗಳ ಹಿಂಡಿನಂತೆ ಕಪ್ಪಾಗಿ ಸುಳಿಯತೊಡಗುತ್ತವೆ. ಅಧಿಕಾರದ ಪೀಠವೂ ಭಕ್ತಿಶೃಂಗಾರದ ಪಾತ್ರಗಳೂ ಒಂದೇ ಅಂಗಳದಲ್ಲಿ ಸೇರಿದಾಗ ಎರಡರ ಅರ್ಥವೂ ಬದಲಾಗುತ್ತದೆ. ನಿಶ್ಚಲವಾದ ಪುಟದಲ್ಲಿ ಇದನ್ನು ಸೂಚಿಸಬಹುದಿತ್ತು; ಅದು ಕಣ್ಣೆದುರೇ ಸಂಭವಿಸುವುದನ್ನು ತೋರಿಸಲು ಚಲನೆಯೇ ಬೇಕಿತ್ತು. 2013ರಲ್ಲಿ ಶಾರ್ಜಾದ ದ್ವೈವಾರ್ಷಿಕ ಪ್ರದರ್ಶನಕ್ಕಾಗಿ ರಚಿಸಿದ ‘ಪ್ಯಾರಲಾಕ್ಸ್’ ಎಂಬ ಕೃತಿಯಲ್ಲಿ ಇದೇ ಕೇಶರೂಪವು ಹೋರ್ಮುಜ್ ಜಲಸಂಧಿಯ ಎಣ್ಣೆ ವ್ಯಾಪಾರ ಮತ್ತು ಸಾಮ್ರಾಜ್ಯಗಳ ಕಥನದೊಳಕ್ಕೆ ಸೇರಿಕೊಂಡಿತು.

ಬಿಜಾಪುರದ ನಂಟು 2016ರ ‘ಡಿಸ್ರಪ್ಷನ್ ಆಸ್ ರ‍್ಯಾಪ್ಚರ್’ ಎಂಬ ಕೃತಿಯಲ್ಲಿ ಬರುತ್ತದೆ. ಶೀರ್ಷಿಕೆಯನ್ನು ‘ಭಂಗವೇ ಪರವಶತೆ’ ಎಂದು ಅರ್ಥಮಾಡಬಹುದು. ಫಿಲಡೆಲ್ಫಿಯಾ ಕಲಾ ವಸ್ತುಸಂಗ್ರಹಾಲಯವು ತನ್ನ ದಕ್ಷಿಣ ಏಷ್ಯಾ ವಿಭಾಗವನ್ನು ಹೊಸದಾಗಿ ಸಜ್ಜುಗೊಳಿಸಿದಾಗ, ತನ್ನಲ್ಲಿರುವ ‘ಗುಲ್ಶನ್-ಇ-ಇಶ್ಕ್’ ಹಸ್ತಪ್ರತಿಯನ್ನು ಆಧರಿಸಿ ಇದನ್ನು ರಚಿಸಲು ಕೋರಿತು. ಎರಡನೆಯ ಅಲಿ ಆದಿಲ್ ಶಾಹನ ಆಸ್ಥಾನಕವಿ ನುಸ್ರತಿಯು 1657–58ರಲ್ಲಿ ದಖನಿ ಭಾಷೆಯಲ್ಲಿ ರಚಿಸಿದ ದೀರ್ಘ ಮಸ್ನವಿ ಅದು. ಫಿಲಡೆಲ್ಫಿಯಾದ ಸಚಿತ್ರ ಪ್ರತಿಯ ಕಾಲ 1743. ರಾಜಕುಮಾರ ಮನೋಹರ ಮತ್ತು ಮಧುಮಾಲತಿಯರ ಈ ಪ್ರೇಮಕಥೆಯನ್ನು ಅದಕ್ಕೂ ಮೊದಲು, 1545ರಲ್ಲಿ, ಸೂಫಿಕವಿ ಮಂಝನನು ಹಿಂದವಿಯಲ್ಲಿ ಹಾಡಿದ್ದನು. ಹಿಂದೂ ಹೆಸರಿನ ನಾಯಕ ನಾಯಿಕೆಯರು, ಸೂಫಿ ಸಾಧನೆಯ ಹಂತಗಳು, ಪಾರಸಿಯಿಂದ ಬಂದ ಛಂದೋರೂಪ, ದಕ್ಷಿಣದ ಆಡುಮಾತು — ಇವೆಲ್ಲ ಕೂಡಿದ ಕಾವ್ಯವು ಶುದ್ಧ ಪರಂಪರೆಯೆಂಬ ಕಲ್ಪನೆಯನ್ನೇ ಅಲ್ಲಗಳೆಯುತ್ತದೆ. ಪರಂಪರೆಯನ್ನು ಮಿಶ್ರಗೊಳಿಸಿದರೆಂದು ಸಿಕಂದರ್ ಅವರನ್ನು ಆಕ್ಷೇಪಿಸುವವರು ಮೊದಲು ನುಸ್ರತಿಯನ್ನು ಆಕ್ಷೇಪಿಸಬೇಕಾದೀತು.

ಸುಮಾರು ಹತ್ತು ನಿಮಿಷಗಳ ಈ ಕೃತಿಯಲ್ಲಿ ಹಸ್ತಪ್ರತಿಯ ಪುಟಗಳು ಚಲನೆ ಪಡೆಯುತ್ತವೆ. ಆಕೃತಿಗಳು ಒಡೆದು, ಕರಗಿ, ಬೇರೆ ರೂಪಗಳಾಗಿ ಕೂಡುತ್ತವೆ. ಸಂಗೀತ ಸಂಯೋಜನೆ ಡು ಯುನ್ ಅವರದು. ಗಾಯನ ಅಲಿ ಸೇಠಿ ಅವರದು. ಕಥೆಯಲ್ಲಿ ತಾಯಿಯ ಕೋಪಕ್ಕೆ ಗುರಿಯಾದ ಮಧುಮಾಲತಿ ಹಕ್ಕಿಯಾಗುತ್ತಾಳೆ. ತುರುಬನ್ನು ಹಕ್ಕಿಯ ಹಿಂಡಾಗಿಸಿದ ಕಲಾವಿದೆಗೆ ಈ ವಸ್ತು ದೊರೆತದ್ದು ಸಾರ್ಥಕವೇ ಸರಿ. ರೂಪಾಂತರವು ಇಲ್ಲಿ ತಂತ್ರದ ಆಟವಾಗಿರದೆ ಕಥೆಯ ಹೃದಯವೇ ಆಗಿದೆ.

ಹಾಗೆಂದು ಕಳೆದುಹೋದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊಗಳುವುದು ವಿಮರ್ಶೆಯಲ್ಲ. ಮೊದಲನೆಯದು ಕಾಲದ ನಷ್ಟ. ಹಸ್ತಪ್ರತಿಯನ್ನು ಓದುವವನು ಪುಟವನ್ನು ತನ್ನ ಇಚ್ಛೆಗೆ ತಕ್ಕಂತೆ ತಿರುಗಿಸುತ್ತಾನೆ. ಒಂದು ಎಲೆಯ ಮೇಲೆ ಅರ್ಧ ಗಂಟೆ ನಿಲ್ಲುವ ಸ್ವಾತಂತ್ರ್ಯ ಅವನಿಗುಂಟು. ಪರದೆಯ ಮುಂದೆ ಕಾಲದ ಒಡೆತನ ಕೃತಿಯದು, ನೋಡುಗನದಲ್ಲ. ಎರಡನೆಯದು ಅರ್ಥಕ್ಕೆ ಸಂಬಂಧಿಸಿದ್ದು. ಸೂಫಿ ಪ್ರೇಮಾಖ್ಯಾನದ ತಿರುಳಿರುವುದು ವಿಳಂಬದಲ್ಲಿ: ಅಗಲಿಕೆ, ಅಲೆದಾಟ, ಮತ್ತೆ ಮತ್ತೆ ಬರುವ ತಡೆಗಳು. ಮಿಲನಕ್ಕೆ ಬೆಲೆ ಬರುವುದು ಆ ದೀರ್ಘ ನಿರೀಕ್ಷೆಯಿಂದ. ಹತ್ತು ನಿಮಿಷಗಳಲ್ಲಿ ಪರವಶತೆಯ ಬೆರಗನ್ನು ಕೊಡಬಹುದು. ಅದಕ್ಕಾಗಿ ತೆರಬೇಕಾದ ಕಾಲವನ್ನು ಕೊಡಲಾಗದು. ಒಡೆಯುವ ಆಕೃತಿಗಳೇ ವಿರಹದ ದೃಶ್ಯರೂಪವೆಂದು ಸಮರ್ಥಿಸಬಹುದು, ಆ ಸಮರ್ಥನೆಯಲ್ಲಿ ಬಲವೂ ಇದೆ. ಆದರೆ ಕಥೆಯನ್ನು ಅರಿಯದ ನೋಡುಗನಿಗೆ ಭಂಗ ಮಾತ್ರ ಕಂಡೀತು. ಯಾವುದರ ಭಂಗವೆಂಬುದು ಕಾಣದೆ ಹೋದೀತು.

ಮೂರನೆಯದು ಬಾಳಿಕೆಯ ಪ್ರಶ್ನೆ. 1743ರ ಪ್ರತಿಯನ್ನು ನೋಡಲು ಬೆಳಕು ಮತ್ತು ಕಣ್ಣು ಸಾಕು. ಡಿಜಿಟಲ್ ಕೃತಿಗಾದರೆ ಅದನ್ನು ಓದಬಲ್ಲ ಯಂತ್ರ ಬೇಕು. ಯಂತ್ರ ಹಳತಾದಂತೆಲ್ಲ ಕೃತಿಯನ್ನು ಹೊಸದಕ್ಕೆ ವರ್ಗಾಯಿಸುತ್ತಲೇ ಇರಬೇಕು.

ಸಮಕಾಲೀನರೊಡನೆ ಹೋಲಿಸಿದಾಗ ಸಿಕಂದರ್ ಅವರ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ಡೇವಿಡ್ ಹಾಕ್ನಿ ಯಾರ್ಕ್‌ಷೈರಿನ 2011ರ ವಸಂತಾಗಮನವನ್ನು ಐವತ್ತೊಂದು ಐಪ್ಯಾಡ್ ಚಿತ್ರಗಳಲ್ಲಿಯೂ, ಮೂವತ್ತೆರಡು ಕ್ಯಾನ್ವಾಸುಗಳನ್ನು ಜೋಡಿಸಿದ ಒಂದು ತೈಲಚಿತ್ರದಲ್ಲಿಯೂ ಚಿತ್ರಿಸಿ, 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದರು. ಅಲ್ಲಿ ಗಾಜಿನ ಫಲಕವು ಹೊಸ ಬಗೆಯ ರೇಖಾಪುಸ್ತಕ. ಬೇಗ ಮರೆಯಾಗುವ ಬೆಳಕನ್ನು ಹಿಡಿಯಲು ಬಂದ ಅನುಕೂಲ. ಮುಂಬಯಿಯ ನಳಿನಿ ಮಲಾನಿ ಪಾರದರ್ಶಕ ಫಲಕದ ಹಿಂಬದಿಗೆ ಬಣ್ಣ ಬಳಿಯುವ ಹಳೆಯ ವಿಧಾನವನ್ನು ತಿರುಗುವ ಉರುಳೆಗಳಿಗೂ ನೆರಳಿನಾಟಕ್ಕೂ ಒಗ್ಗಿಸಿದರು. 2018ರಿಂದ 2020ರವರೆಗೆ ಐಪ್ಯಾಡಿನ ಮೇಲೆ ಬೆರಳಿನಿಂದಲೇ ಬರೆದು ಎಂಬತ್ತೆಂಟು ಅನಿಮೇಷನ್‌ಗಳನ್ನು ರಚಿಸಿದರು. ಅವರಿಗೆ ಪರದೆಯೆಂಬುದು ಪ್ರತಿಭಟನೆಯ ಗೋಡೆ. ಸಿಕಂದರ್ ಅವರಿಗೆ ಅದು ಹಳೆಯ ಪುಟವನ್ನು ಮತ್ತೆ ಓದುವ ಉಪಾಯ. ಮೂವರಲ್ಲಿ ಯಾರೂ ಕುಂಚವನ್ನು ಕೆಳಗಿಟ್ಟು ಪರದೆಗೆ ಬಂದವರಲ್ಲ. ಕೈಗೆ ಮೊದಲೇ ಶಿಸ್ತು ಇದ್ದುದರಿಂದಲೇ ಯಂತ್ರದ ಸೌಲಭ್ಯ ಅವರನ್ನು ಸಡಿಲಗೊಳಿಸಲಿಲ್ಲ.

ಹೊಸ ಸಾಧನದ ಅಪಾಯವಿರುವುದು ಈ ಸೌಲಭ್ಯದಲ್ಲಿಯೇ. ತಪ್ಪಿದ ಗೆರೆಯನ್ನು ಕ್ಷಣದಲ್ಲಿ ಅಳಿಸಬಹುದಾದ ಕಡೆ ಗೆರೆಯನ್ನು ಎಳೆಯುವ ಮೊದಲು ಯೋಚಿಸುವ ಅಭ್ಯಾಸ ಕುಂದಬಹುದು. ವಸ್ಲಿಯನ್ನು ಉಜ್ಜದೆಯೇ ಅದರ ಹೊಳಪನ್ನು ಅನುಕರಿಸುವವರು ಬಂದೇ ಬರುತ್ತಾರೆ. ಅವರ ಕೃತಿಗಳಿಂದ ಸಿಕಂದರ್ ಅವರಂಥವರನ್ನು ಬೇರ್ಪಡಿಸಿ ತೋರಿಸುವ ಹೊಣೆ ವಿಮರ್ಶಕನದು.

ಇನ್ನೊಂದು ಸಂಗತಿ ಕನ್ನಡನಾಡಿಗೇ ಸಂಬಂಧಿಸಿದ್ದು. ಗೋಲಗುಮ್ಮಟವನ್ನು ನೋಡಲು ವಿಜಯಪುರಕ್ಕೆ ಬರುವ ಎಷ್ಟೋ ಜನರಿಗೆ ಅಲ್ಲಿ ನುಸ್ರತಿಯೆಂಬ ಕವಿಯಿದ್ದನೆಂಬುದು ತಿಳಿಯದು. ದಖನಿ ಇಂದಿಗೂ ಅನೇಕ ಮನೆಗಳ ಮಾತಾಗಿದ್ದರೂ ಅದರ ಹಳೆಯ ಕಾವ್ಯವನ್ನು ಓದುವವರು ವಿರಳ. ಭಾಷೆ ತಲುಪದ ಕಡೆಗೆ ಚಿತ್ರ ತಲುಪಿದೆ. ಆ ಪುಟಗಳಿಗೆ ದೂರದ ಫಿಲಡೆಲ್ಫಿಯಾದಲ್ಲಿ ಹೊಸ ಚಲನೆ ದೊರೆತಿದೆ. ಇದು ಹೆಮ್ಮೆಯ ವಿಷಯವಾಗಿರುವಂತೆಯೇ ಎಚ್ಚರಿಕೆಯ ವಿಷಯವೂ ಆಗಿದೆ. ಪರದೆಯ ಬೆರಗಿನಲ್ಲಿಯೇ ನಿಂತವನಿಗೆ ದೊರೆಯುವುದು ಅರ್ಧ ಮಾತ್ರ. ಆ ಬೆರಗು ಅವನನ್ನು ಪುಟದ ಬಳಿಗೆ, ಪುಟದಿಂದ ಕಾವ್ಯದ ಬಳಿಗೆ ಕರೆದೊಯ್ದರೆ ಹೊಸ ಸಾಧನವು ಪರಂಪರೆಯ ಋಣವನ್ನು ತೀರಿಸಿದಂತಾಗುತ್ತದೆ. ಕೃತಿ ಆ ಬಾಗಿಲನ್ನು ತೆರೆದಿದೆ. ಒಳಗೆ ಹೋಗುವುದು ನೋಡುಗನ ಕರ್ತವ್ಯ.