ಅನ್ನಭೇದಿ, ಮಾಚಿಕಾಯಿ, ಒಂದು ಸಹಿ

ಕೊಟ್ಟಿಗೆಹಾರದ ಮಳೆಗಾಲದಲ್ಲಿ ಹಳೇ ಕಾಗದ ಹೊರತೆಗೆಯುವ ಮಾತೇ ಇಲ್ಲ. ಚಾರ್ಮಾಡಿ ಕಡೆಯ ಮಂಜು ನಡುಮನೆಗೇ ಬಂದು ಕೂರುತ್ತದೆ. ವಾರದೊಳಗೆ ಪುಸ್ತಕಕ್ಕೆಲ್ಲ ಬೂಷ್ಟು. ನನ್ನ ತಗಡಿನ ಪೆಟ್ಟಿಗೆ ತೆರೆಯುವುದು ಜನವರಿಯಲ್ಲೇ, ಕಣದಲ್ಲಿ ಕಾಫಿ ಒಣಗುತ್ತಿರುವಾಗ, ಬೆಳಗಿನ ಓರೆಬಿಸಿಲಿಗೆ.

ವಿಜ್ಞಾನಿಗಳು ಸಹಿ ಹಾಕಿದ ಕಾಗದ ಕೂಡಿಡುವ ಹುಚ್ಚು ನನಗೆ ಬಹಳ ವರ್ಷಗಳದ್ದು. ಐನ್‌ಸ್ಟೈನರ ಸಹಿಗೆ ಜಗತ್ತೇ ಮುಗಿಬೀಳುತ್ತದೆ, ಬೀಳಲಿ. ನನ್ನ ಕೈ ಮೊದಲು ಹೋಗುವುದು ಲೆಸ್ಲಿ ಕೋಲ್ಮನ್ನರ ಒಂದೇ ಒಂದು ಹಾಳೆಗೆ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದವರು ಅವರು. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ 1925ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ. ಅದಕ್ಕೂ ಮೊದಲು, ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಕೊಳೆರೋಗಕ್ಕೆ ಕಾದು ಕೂರುತ್ತಿದ್ದ ಮಲೆನಾಡಿಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದ್ದರು: ಮೈಲುತುತ್ತ, ಸುಣ್ಣ, ಮಳೆಗೆ ತೊಳೆದುಹೋಗದಂತೆ ಅಂಟಿಗೆ ರಾಳ.

ಹಾಳೆ ದಪ್ಪನೆಯದು, ಹದವಾಗಿ ಕಾದ ಹಾಲಿನ ಕೆನೆಯ ಬಣ್ಣ. ಬೆನ್ನು ಸವರಿದರೆ ಟೈಪ್‌ರೈಟರಿನ ಪೂರ್ಣವಿರಾಮಗಳು ರಾಗಿಕಾಳಿನಂತೆ ಬೆರಳಿಗೆ ಸಿಗುತ್ತವೆ. ಸಾಲುಗಳು ಮುಗಿದು, ಒಂದಿಷ್ಟು ಖಾಲಿ ಜಾಗ ಬಿಟ್ಟು, ಕೆಳಗೆ ಸಹಿ. ಇಲ್ಲಿ ನಾನು ಅವಸರ ಮಾಡುವುದಿಲ್ಲ. ನಿಬ್ಬು ಇಳಿಯುವಾಗ ಕವಲೊಡೆದು ಗೆರೆ ಅಗಲವಾಗಿದೆ, ಏರುವಾಗ ಕೂದಲೆಳೆ. ಕೊನೆಯಲ್ಲಿ ಕೈ ಒಂದು ಕ್ಷಣ ತಡೆದಿರಬೇಕು, ಮಸಿ ಅಲ್ಲಿ ಮಡುಗಟ್ಟಿದೆ. ಮಾಚಿಕಾಯಿ, ಅನ್ನಭೇದಿ ಸೇರಿಸಿ ಮಾಡಿದ ಮಸಿ ಅದು. ಬರೆದಾಗ ಮಂಕಾಗಿದ್ದು, ಗಾಳಿ ತಾಗಿ ಕಪ್ಪಾಗಿ, ದಶಕಗಳು ಕಳೆದಂತೆ ಕಂದುತ್ತದೆ. ಈಗ ಅದು ಒಳ್ಳೇ ಡಿಕಾಕ್ಷನ್ನಿನ ಅಂಚಿನ ಬಣ್ಣಕ್ಕೆ ಬಂದಿದೆ. ಗೆರೆ ಮಡುಗಟ್ಟಿದಲ್ಲಿ ಇನ್ನೂ ಕಪ್ಪು, ತೆಳುವಾದಲ್ಲಿ ಜೇನು. ಹಾಳೆಯನ್ನು ಬಿಸಿಲಿಗೆ ಹಿಡಿದರೆ ಎರಡರ ನಡುವಿನ ಹತ್ತಾರು ಛಾಯೆಗಳು ಒಂದೊಂದಾಗಿ, ನಿಧಾನವಾಗಿ, ಕಣ್ಣಿಗೆ ಬರುತ್ತವೆ. ಮುದ್ರೆಯೊತ್ತಿದ ಸಹಿಗೆ ಈ ಏರಿಳಿತ ಎಲ್ಲಿಂದ ಬರಬೇಕು?

ಬಲಗಡೆಯ ಕೆಳಮೂಲೆಯಲ್ಲಿ ಹೆಬ್ಬೆರಳಗಲದ ಒಂದು ಕಲೆಯಿದೆ. ಇಂಥದ್ದಿದ್ದರೆ ಬೆಲೆ ಇಳಿಯುತ್ತದೆಂದು ವ್ಯಾಪಾರ ಬಲ್ಲವರು ಹೇಳುತ್ತಾರೆ, ಒರೆಸಿ ತೆಗೆಸಿ ಅನ್ನುತ್ತಾರೆ. ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ನವಿಲುಗರಿಯ ಹಸಿರುನೀಲಿ ಅದು, ಮೈಲುತುತ್ತದ್ದು. ಯಾರೋ ತೋಟದಲ್ಲಿ ಔಷಧಿ ಕಲಸುತ್ತಾ, ಅದೇ ಕೈಯಲ್ಲಿ ಈ ಕಾಗದ ಹಿಡಿದು ಓದಿದ್ದಾರೆ.